ಹಲ್ಲು ಕಾಣುವಷ್ಟು ನಗು

ನಮ್ಮ ಮ್ಯಾನೇಜರ್ ಅದುಸೆಯವರು ರಾಜಧಾನಿ ಅಕ್ರಾದ ಒಂದು ತಂಪು ಹೋಟೆಲಿನಲ್ಲಿ ಕೂತು, ನಗುವುದು ಹೇಗೆಂದು ಕಲಿತು ಬಂದರು. ಕುಮಾಸಿಯವರಾದ ನಮಗೆ ಅಲ್ಲಿಯವರೆಗೆ ನಗಲು ಬರುತ್ತಿರಲಿಲ್ಲ ಎಂಬ ಸಂಗತಿ ನಮಗೇ ಗೊತ್ತಿರಲಿಲ್ಲ. ಬಂದವರೇ ನಮ್ಮ ಬಸ್ ನಿಲ್ದಾಣದ ಪ್ರತಿ ಟಿಕೆಟ್ ಕಿಟಕಿಯ ಒಳಗೂ ಒಂದೊಂದು ಕನ್ನಡಿ ಹೊಡೆಸಿದರು. ಟಿಕೆಟ್ ಕೊಡುವಾಗ ಅದರಲ್ಲಿ ನೋಡಿಕೊಳ್ಳಬೇಕು, ಮೇಲಿನ ಸಾಲಿನ ಹಲ್ಲು ಕಾಣಬೇಕು, "ನಿಮ್ಮ ಪ್ರಯಾಣ ನಮಗೆ ಅಮೂಲ್ಯ" ಎನ್ನಬೇಕು. ಚೀಲ ಕಳೆದುಹೋಯಿತೆಂದು ಯಾರಾದರೂ ಅಳುತ್ತ ಬಂದರೆ "ನಿಮ್ಮ ಚೀಲ ನಮಗೆ ಅಮೂಲ್ಯ" ಎನ್ನಬೇಕು. ಚೀಲವನ್ನು ಹುಡುಕಬೇಕೋ ಬೇಡವೋ ಎಂಬುದನ್ನು ಹೋಟೆಲಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಜೊತೆಗೆ ಹರಟೆ ಬಂದ್. ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ನಿದ್ದೆ ಬಂತೇ ಎಂದು ವಿಚಾರಿಸದೆ ನಮ್ಮಲ್ಲಿ ಯಾರೂ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳುವುದಿಲ್ಲ. ಅದೆಲ್ಲ ಸಮಯ ಹಾಳು ಎಂದು ಅಪ್ಪಣೆಯಾಯಿತು. ದಿನವಿಡೀ ಟಿಕೆಟ್ ಕಿಟಕಿಯಲ್ಲಿ ಕೂರುವ ನನ್ನಂಥ ಬಾಯಿಬಡುಕಿಗೆ ಇದು ಹೊಟ್ಟೆಗಿಲ್ಲದಂತೆ ಮಾಡಿದ ಹಾಗೆ.

ಅದುಸೆಗಿಂತ ಮೊದಲು ನಿಲ್ದಾಣ ನಡೆಸುತ್ತಿದ್ದವರು ನಾವೆಲ್ಲ ಅಕ್ಕನೆಂಬ ಸಲಿಗೆಯಿಂದ ಸಿಸ್ಟರ್ ಎನ್ನುತ್ತಿದ್ದ ಅಂಪೋನ್ಸಾ. ಆಕೆ ನಕ್ಕದ್ದನ್ನು ಕಂಡವರು ಕಡಿಮೆ. ಬೆಳಿಗ್ಗೆ ಮೊದಲ ಬಸ್ ಹೊರಡುವ ಮುಂಚೆ ಅಂಗಳದಲ್ಲಿ ನಿಂತು ಎಲ್ಲರಿಗೂ ಬೈಯುತ್ತಿದ್ದರು, ಬೈದು ಮುಗಿಸಿ ತಿಂಡಿ ಆಯಿತೇ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಯಾರ ಮನೆಯಲ್ಲಿ ಸಾವಾದರೂ ಶನಿವಾರ ಒಂದು ಬಸ್ಸನ್ನೇ ಬಿಡಿಸಿಕೊಂಡು, ಸಾವಿನ ಮನೆಗೆಂದೇ ಉಡುವ ಕೆಂಪು-ಕಪ್ಪು ಬಟ್ಟೆ ಉಟ್ಟು, ನಮ್ಮನ್ನೆಲ್ಲ ಹತ್ತಿಸಿಕೊಂಡು ಹೊರಡುತ್ತಿದ್ದರು. ಅಸಾಂಟೆಯವರಾದ ನಮ್ಮಲ್ಲಿ ಮನುಷ್ಯನ ಬೆಲೆ ತಿಳಿಯುವುದೇ ಅವನ ಮನೆಯ ಸಾವಿಗೆ ಯಾರು ಯಾರು ಬಂದರು ಎಂಬುದರಿಂದ. ಹೀಗಾಗಿ ಆಕೆ 'ಆ ಅಜ್ಜಿಯ ಮೂಟೆ ಹತ್ತಿಸು' ಎಂದರೆ ನಾವು ಅಜ್ಜಿಯನ್ನೂ ಎತ್ತಿ ಕೂರಿಸುತ್ತಿದ್ದೆವು.

ನಮ್ಮ ಹಿರಿಯ ಡ್ರೈವರ್ ದೊಂಕೊರ್. ನಿಲ್ದಾಣಕ್ಕೆಲ್ಲ ಅವರು ವೋಫಾ, ಅಂದರೆ ಸೋದರಮಾವ. ಅವರ ತಾಯಿ ತೀರಿಕೊಂಡರು. ಮಂಪೊಂಗ್ ಊರಿನಲ್ಲಿ ಶನಿವಾರ ಕಾರ್ಯ ಎಂದು ಗೊತ್ತಾದಾಗ ನಾವೆಲ್ಲ ಬಟ್ಟೆ ತೆಗೆದಿಟ್ಟುಕೊಂಡೆವು. ಶನಿವಾರ ನೂಕುನುಗ್ಗಲಿನ ದಿನ, ಮಗನೊಬ್ಬನಿಗೆ ರಜೆ, ಉಳಿದವರು ಕಿಟಕಿ ಬಿಟ್ಟು ಕದಲಬಾರದು ಎಂದರು ಅದುಸೆ. ತಾವು ಹೋಗುವ ಮಾತಂತೂ ಬರಲೇ ಇಲ್ಲ. ಬದಲಿಗೆ ಕಂಪನಿಯ ಮುದ್ರೆ ಇದ್ದ ದಪ್ಪ ಕಾಗದದ ಕಾರ್ಡೊಂದನ್ನು ವೋಫಾ ಕೈಗೆ ಕೊಟ್ಟರು. ಅದರಲ್ಲಿ ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು: 'ನಿಮ್ಮ ದುಃಖ ನಮಗೆ ಅಮೂಲ್ಯ.'

ಸೋಮವಾರ ವೋಫಾ ಕೆಲಸಕ್ಕೆ ಬಂದರು. ಹೇಗಾಯಿತು ಎಂದು ಕೇಳಿದೆ. ಚಕ್ರದ ಗಾಳಿ ನೋಡುತ್ತಲೇ ಹೇಳಿದರು.

"ಊರೋರು ಕೇಳಿದ್ರು, ನಿನ್ನ ಕೆಲಸದೋರು ಎಲ್ಲಪ್ಪ ಅಂತ. ಬಸ್ಸು ದಾರೀಲಿ ಕೆಟ್ಟು ನಿಂತಿದೆ ಅಂದೆ."

ತನ್ನ ಗಾಡಿ ಎಲ್ಲೂ ಕೆಟ್ಟು ನಿಂತಿಲ್ಲ ಎಂದು ಎದೆ ಉಬ್ಬಿಸಿ ಹೇಳಿಕೊಳ್ಳುವ ಮನುಷ್ಯ ಅವರು. ನನಗೆ ಮೈಯೆಲ್ಲ ಉರಿದುಹೋಯಿತು.

ಮುಷ್ಕರ ಗಿಷ್ಕರ ಏನೂ ನಡೆಯಲಿಲ್ಲ. ನಾವು ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆವು. ಹೇಳಿದಷ್ಟನ್ನೇ ಮಾಡಿದೆವು.

ಮಾಮೆ ಫೋರಿವಾ ಎಂಬ ಟೊಮೆಟೊ ವ್ಯಾಪಾರದ ಹೆಂಗಸು ಪ್ರತಿ ವಾರ ನಮ್ಮ ಬಸ್ಸಿನಲ್ಲೇ ಅಕ್ರಾಕ್ಕೆ ಹೋಗುತ್ತಿದ್ದರು. ಅವರ ಮಗಳು ಕೊನೆಯ ಬುಟ್ಟಿಯನ್ನು ತರುವುದು ಯಾವಾಗಲೂ ತಡ. ಹಿಂದೆಲ್ಲ ಹೊರಡುವ ಹೊತ್ತಿಗೆ ಸರಿಯಾಗಿ ವೋಫಾಗೆ ಬಾಯಾರಿಕೆಯಾಗುತ್ತಿತ್ತು, ನೀರು ಕುಡಿದು ಬರುವಷ್ಟರಲ್ಲಿ ಬುಟ್ಟಿಯೂ ಬಂದಿರುತ್ತಿತ್ತು. ಈ ಸಲ ಮಾಮೆ ಕಿಟಕಿಗೆ ಬಂದಾಗ ನಾನು ಕನ್ನಡಿ ನೋಡಿ ಹಲ್ಲು ತೆರೆದೆ.

"ಯಾಕಮ್ಮ ಅಫ್ರಾ, ಹಲ್ಲುನೋವಾ? ಬಾಯಿ ಹಾಗ್ಯಾಕೆ ಬಿಟ್ಕೊಂಡಿದ್ದೀಯ?"

ನಿಮ್ಮ ಪ್ರಯಾಣ ನಮಗೆ ಅಮೂಲ್ಯ ಎಂದು ಟಿಕೆಟ್ ಕೊಟ್ಟೆ. ಹೊತ್ತಾಯಿತು. ವೋಫಾಗೆ ಬಾಯಾರಿಕೆ ಆಗಲಿಲ್ಲ. ಅವರೂ ಹಲ್ಲು ಕಾಣುವಂತೆ ನಕ್ಕು ಗಾಡಿ ಬಿಟ್ಟರು. ಮಗಳಿಗಾಗಿ ಕೆಳಗೆ ಕಾಯುತ್ತಿದ್ದ ಮಾಮೆ ಟಿಕೆಟ್ ಹಿಡಿದು ಅಲ್ಲೇ ಉಳಿದರು. ಕೂಗಾಡುತ್ತ ನನ್ನ ಬಳಿ ಬಂದಾಗ 'ನಿಮ್ಮ ಬುಟ್ಟಿ ನಮಗೆ ಅಮೂಲ್ಯ' ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ರಸ್ತೆ ದಾಟಿ, ಎದುರಿನ ಕಂಪನಿಯ ಹಳೇ ಡಬ್ಬ ಬಸ್ಸು ಹತ್ತಿದರು. ಅಲ್ಲಿ ಸೀಟು ಹರಿದಿತ್ತು, ಆದರೆ ಬಾಗಿಲಲ್ಲಿ ನಿಂತವನು ಅವರ ಹೆಸರು ಹಿಡಿದು ಬೈಯುತ್ತಿದ್ದ.

ಒಬ್ಬೊಬ್ಬರಾಗಿ ಎಲ್ಲರೂ ರಸ್ತೆ ದಾಟಿದರು. ನಮ್ಮ ತಂಪು ಬಸ್ಸುಗಳು ಮೆತ್ತನೆ ಸೀಟುಗಳನ್ನು ಅಕ್ರಾಕ್ಕೆ ತಿರುಗಾಡಿಸಿಕೊಂಡು ಬರತೊಡಗಿದವು. ಅದುಸೆ ರೋಗವನ್ನು ಬೇಗ ಕಂಡುಹಿಡಿದರು: ಕನ್ನಡಿ ಚಿಕ್ಕದಾಯಿತು. ದೊಡ್ಡ ಕನ್ನಡಿ ಬಂತು. ಅದರ ಹಿಂದೆಯೇ ಅಕ್ರಾದ ಮುಖ್ಯ ಕಚೇರಿಯಿಂದ ಮಾತೂ ಬಂತು: ಈಸ್ಟರ್ ಒಳಗೆ ಸೀಟು ತುಂಬದಿದ್ದರೆ ಕುಮಾಸಿ ನಿಲ್ದಾಣಕ್ಕೆ ಬೀಗ, ನಾವೆಲ್ಲ ಮನೆಗೆ, ಅದುಸೆಯೂ ಸೇರಿ. ಅಂದಿನಿಂದ ಮನೆ ಬಾಡಿಗೆಯ ಯೋಚನೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಹಟ ಬಿಡಲಿಲ್ಲ.

ಅಷ್ಟರಲ್ಲಿ ಅದುಸೆಯವರ ತಂದೆ ಸತ್ತರು.

ಬೆಕ್ವಾಯ್ ಕಡೆಯ ಹಳ್ಳಿಯಲ್ಲಿ ಶನಿವಾರ ಕಾರ್ಯ, ಅಕ್ರಾದಿಂದ ಕಂಪನಿಯ ನಿರ್ದೇಶಕರೂ ಬರುತ್ತಾರೆ. ಬನ್ನಿ ಎನ್ನಲು ಅದುಸೆಗೆ ಬಾಯಿಲ್ಲ. ಶುಕ್ರವಾರ ಸಂಜೆ ಕಪ್ಪು ಅಂಗಿ ಹಾಕಿಕೊಂಡು, ಟಿಕೆಟ್ ಕೊಳ್ಳುವವರ ಹಾಗೆ ನನ್ನ ಕಿಟಕಿಯ ಹೊರಗೆ ಬಂದು ನಿಂತರು.

"ಅಫ್ರಾ, ನಾಳೆ... ಯಾರಾದ್ರೂ ಬರ್ತಾರಾ?"

ಇಂಥ ಅವಕಾಶವನ್ನು ನನ್ನ ನಾಲಿಗೆ ಬಿಡುತ್ತದೆಯೇ? ಮೇಲಿನ ಸಾಲಿನ ಹಲ್ಲನ್ನೆಲ್ಲ ತೋರಿಸಿ ಹೇಳಿದೆ, "ನಿಮ್ಮ ದುಃಖ ನಮಗೆ ಅಮೂಲ್ಯ, ಸರ್."

ಅವರು ತಲೆ ಆಡಿಸಿ ಹೋದರು. ಅಭ್ಯಾಸಬಲದಿಂದ ನನ್ನ ಕಣ್ಣು ಕನ್ನಡಿಯ ಕಡೆ ಹೋಯಿತು. ತಂದೆ ಸತ್ತವನ ಮುಂದೆ ಹಲ್ಲು ಕಿರಿದುಕೊಂಡು ಒಬ್ಬಳು ಕೂತಿದ್ದಳು. ಅವಳನ್ನು ನೋಡಿ ನನಗೆ ಹೇಸಿಗೆಯಾಯಿತು.

ವೋಫಾಗೆ ಎಲ್ಲ ಹೇಳಿದೆ. ಹೋಗುವುದು ಬೇಡ, ಅವನೂ ಶಾಮಿಯಾನದ ಕೆಳಗೆ ಕೂತು ದಾರಿ ಕಾಯಲಿ ಎಂದು ಉಳಿದವರು ಹಟ ಹಿಡಿದರು. ವೋಫಾ ಎಲ್ಲವನ್ನೂ ಕೇಳಿಸಿಕೊಂಡು ಎದ್ದರು.

"ದಾರಿ ಕಾಯೋದು ಹ್ಯಾಗಿರುತ್ತೆ ಅಂತ ನಂಗೊತ್ತು. ಬಟ್ಟೆ ಉಟ್ಕೊಂಡು ಬನ್ನಿ."

ಶನಿವಾರ ನಮ್ಮ ಬಸ್ಸು ಹಳ್ಳಿಯ ಮೈದಾನಕ್ಕೆ ತಿರುಗಿದಾಗ ಅದುಸೆ ಮನೆಯವರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ನಾವು ಕೆಂಪು-ಕಪ್ಪು ಉಟ್ಟು ಒಬ್ಬರ ಹಿಂದೊಬ್ಬರು ಇಳಿದು, ಪದ್ಧತಿಯಂತೆ ಬಲಗಡೆಯಿಂದ ಶುರುಮಾಡಿ ಎಲ್ಲರ ಕೈ ಮುಟ್ಟುತ್ತ ಬಂದೆವು. ಮುಂದೆ ವೋಫಾ. ವೋಫಾ ಕೈ ಹಿಡಿದ ಅದುಸೆ ಬಿಡಲೇ ಇಲ್ಲ.

"ನಾನು ನಿಮ್ಮ ತಾಯಿ ಕಾರ್ಯಕ್ಕೆ ಬರ್ಲಿಲ್ಲ, ವೋಫಾ."

ಅವರು ವೋಫಾ ಎಂದು ಕರೆದದ್ದು ಅದೇ ಮೊದಲು.

"ಹೌದು, ಬರ್ಲಿಲ್ಲ," ಎಂದರು ವೋಫಾ. "ಈಗ ಬಂದೋರಿಗೆ ನೀರು ಕೊಡ್ಸಪ್ಪ."

ಅದುಸೆ ಎಲ್ಲರೆದುರು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ, ಯಾರಿಗಾಗಿ ಎಂದು ಕೇಳಬೇಡಿ.

ನಿರ್ದೇಶಕರು ಬಸ್ಸನ್ನೂ ನಮ್ಮ ಸಾಲನ್ನೂ ನೋಡಿ ಬೆರಗಾಗಿ ಹೋದರು. ಸಿಬ್ಬಂದಿ ಇಷ್ಟು ಪ್ರೀತಿಯಿಂದ ಬರಬೇಕಾದರೆ ನೀವೇನು ಮಾಡಿದಿರಿ ಎಂದು ಕೇಳಿದರು. ತಾನೇನೂ ಮಾಡಲಿಲ್ಲ ಎಂದು ಅದುಸೆ ಕೆಳಗೆ ನೋಡುತ್ತ ಸತ್ಯವನ್ನೇ ಹೇಳಿದರು. ದೊಡ್ಡವರು ಅದನ್ನು ವಿನಯ ಎಂದುಕೊಂಡರು. ಬೀಗದ ಮಾತು ವರ್ಷದ ಕೊನೆಯವರೆಗೆ ಮುಂದಕ್ಕೆ ಹೋಯಿತು, ಇದೆಲ್ಲ ಕನ್ನಡಿಯ ಮಹಿಮೆ ಎಂದು ದೇಶದ ಎಲ್ಲ ನಿಲ್ದಾಣಗಳಿಗೂ ಕನ್ನಡಿ ಹಾಕಿಸಲು ಅಕ್ರಾದಿಂದ ಅಪ್ಪಣೆ ಹೊರಟಿತು.

ನಮ್ಮ ಕನ್ನಡಿಗಳನ್ನು ಮಾತ್ರ ಅದುಸೆ ಸೋಮವಾರ ಬೆಳಿಗ್ಗೆ ತಾವೇ ಬಿಚ್ಚಿದರು. ನನ್ನದನ್ನು ವೋಫಾ ಗಡ್ಡ ಹೆರೆಯಲು ಒಯ್ದರು. ನಾನು ರಸ್ತೆ ದಾಟಿ ಹೋಗಿ, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ಶುರುಮಾಡಿ, ಮಾಮೆ ಫೋರಿವಾ ಅವರಿಂದ ಹೊಟ್ಟೆ ತುಂಬ ಬೈಸಿಕೊಂಡು ಅವರನ್ನು ಕರೆತಂದೆ. ಮಗಳು ಎಂದಿನಂತೆ ತಡ. ಹೊರಡುವ ಹೊತ್ತಾಯಿತು, ವೋಫಾಗೆ ಬಾಯಾರಿಕೆಯಾಯಿತು. ಅದುಸೆ ಗಡಿಯಾರ ನೋಡಿಕೊಂಡರು, ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಗೇಟಿನ ಆಚೆ ನಡೆದುಹೋದವರು ಟೊಮೆಟೊ ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡು, ಅಡ್ಡಾದಿಡ್ಡಿ ಕಾಲು ಹಾಕುತ್ತ ಬಂದರು. ಬಿಳಿ ಅಂಗಿಯ ಮೇಲೆಲ್ಲ ರಸ ಸುರಿದಿತ್ತು. ಹುಡುಗಿ ಹಿಂದೆ ಕೈಬೀಸಿಕೊಂಡು ಬರುತ್ತಿದ್ದಳು.

ಮಾಮೆ ನನ್ನ ಕಿಟಕಿಗೆ ಬಗ್ಗಿ ಕೇಳಿದರು, "ಯಾರೇ ಇವನು, ಹೊಸ ಹಮಾಲಿನಾ? ಕೈಕಾಲು ಸ್ವಲ್ಪ ನಿಧಾನ."

"ಈಗಿನ್ನೂ ಕಲೀತಾ ಇದ್ದಾನೆ, ಮಾಮೆ," ಎಂದೆ.

ಹಾಗೆನ್ನುವಾಗ ನಕ್ಕೆ ಅಂತ ಕಾಣುತ್ತದೆ. ಹಲ್ಲು ಕಾಣಿಸಿತೋ ಇಲ್ಲವೋ, ನೋಡಿಕೊಳ್ಳಲು ಗೋಡೆಯಲ್ಲಿ ಬರೀ ಮೊಳೆ ಇತ್ತು.