ಬೀಗ ಬಿದ್ದ ಹಾಡುಗಳು

ತರೀಕೆರೆಯ ಓಂಕಾರೇಶನ ಹೆಸರು ಕೇಳಿದರೆ ಸಾಕು, ಅಜ್ಜಂಪುರದ ಮೈಕ್‌ಸೆಟ್ ಬಸವೇಶನಿಗೆ ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಗುತ್ತಿತ್ತು. ಅದೇ ಕಸುಬಿನ ಓಂಕಾರೇಶನ ಹೊಸ ಸ್ಪೀಕರುಗಳಿಗಾಗಿ ಅಲ್ಲ, ಹಾಡುಗಳಿಗಾಗಿ. ಅವೆಲ್ಲ ಒಂದು ಕಾಲಕ್ಕೆ ಬಸವೇಶನವೇ.

ಎಂಟು ವರ್ಷದ ಹಿಂದೆ ತಾನೇ ಕೈಯಾರೆ ಸಿ.ಡಿ.ಗಳನ್ನೆಲ್ಲ ಮೂರು ರಟ್ಟಿನ ಪೆಟ್ಟಿಗೆಗೆ ತುಂಬಿ ಓಂಕಾರೇಶನಿಗೆ ಮಾರಿದ್ದ. ಅವೇ ಹಾಡುಗಳನ್ನು ಒಂದು ಆನ್‌ಲೈನ್ ಕಂಪನಿಯಿಂದ ದುಡ್ಡು ಕೊಟ್ಟು ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಮಾರುವ ಸಿ.ಡಿ.ಗಳಿಂದ ನಕಲು ಮಾಡಿಕೊಳ್ಳುವುದು ತಪ್ಪೆಂದು ಅವನ ನಂಬಿಕೆ. ರಸೀದಿಗಳನ್ನೂ ಪ್ರಿಂಟ್ ತೆಗೆಸಿ ಇಟ್ಟಿದ್ದ. ಆದರೆ ಆ ಹಾಡುಗಳಿಗೆ ಬೀಗವಿತ್ತು. ಹಾಡು ಹಾಕಿದಾಗಲೆಲ್ಲ ಲ್ಯಾಪ್‌ಟಾಪು ಆ ಕಂಪನಿಯ ಒಪ್ಪಿಗೆ ಕೇಳಬೇಕು, ಬಂದರೆ ಹಾಡು. ಕಳೆದ ವರ್ಷ ಕಂಪನಿ ಬಾಗಿಲು ಹಾಕಿತು. ಈಗ ಹಾಡುಗಳ ಹೆಸರುಗಳು ಮಾತ್ರ ತೆರೆಯ ಮೇಲೆ ಕಾಣುತ್ತವೆ, ಒಂದೂ ಬಾಯಿ ಬಿಡುವುದಿಲ್ಲ.

ಹೀಗಿರುವಾಗ ಅಮೃತಾಪುರದ ದಾಕ್ಷಾಯಣಮ್ಮನ ಮೊಮ್ಮಗಳ ಮದುವೆ ಬಂತು. ಬಸವೇಶನ ಅಪ್ಪನ ಕಾಲದಿಂದಲೂ ಆ ಮನೆಯ ಕಾರ್ಯಕ್ಕೆಲ್ಲ ಇವರದೇ ಮೈಕ್.

“ಲೇ ಬಸವೇಶ, ಆ ಹಳೇ ವಚನದ ಹಾಡ್ಗಳೇ ಆಗ್ಬೇಕು ಕಣೋ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬೇರೇರ್ನ ನೋಡ್ತೀನಿ,” ಎಂದಳು ಮುದುಕಿ.

ಆ ಬೇರೆಯವರು ಯಾರೆಂದು ಬಸವೇಶ ಕೇಳಬೇಕಾಗಿರಲಿಲ್ಲ. ಫೋನಿನಲ್ಲಿ ಹುಡುಕಿದ. ಅವೇ ವಚನಗಳು ಇನ್ಯಾರದೋ ದನಿಯಲ್ಲಿ, ನಡುನಡುವೆ ಸೋಪಿನ ಜಾಹೀರಾತಿನೊಡನೆ ಸಿಕ್ಕವು. ಕೊನೆಗೆ ನಾಚಿಕೆ ನುಂಗಿಕೊಂಡು ತರೀಕೆರೆ ಬಸ್ ಹತ್ತಿದ.

“ಅಯ್ಯೋ ಬಸವೇಶಣ್ಣ, ಇದಕ್ಯಾಕೆ ಸಂಕೋಚ? ನಿಮ್ ಹಾಡೇ ಅಲ್ವಾ!” ಓಂಕಾರೇಶ ಟೀ ತರಿಸಿ, ಐದೇ ನಿಮಿಷದಲ್ಲಿ ವಚನಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. “ಸಿ.ಡಿ.ಗಳ್ನ ಗುಜರಿಗೆ ಹಾಕ್ಬಿಟ್ಟೆ, ಇರೋದು ಇದೊಂದೇ. ಯಾರೂ ಕದೀಬಾರ್ದು ಅಂತ ಪ್ರತಿ ಹಾಡಿನ್ ಮಧ್ಯೆನೂ ನನ್ ಹೆಸ್ರು, ನಂಬರ್ ಸೇರಿಸ್ಬಿಟ್ಟಿದೀನಿ. ಬೇಜಾರ್ ಮಾಡ್ಕಬೇಡಿ.”

ಇಲ್ಲ ಎಂದಿದ್ದರೆ ದಾರಿಯುದ್ದಕ್ಕೂ ಬಯ್ದುಕೊಂಡಾದರೂ ಬರಬಹುದಿತ್ತು. ನಗುನಗುತ್ತಾ ಕೊಟ್ಟೇಬಿಟ್ಟನಲ್ಲ!

ಎರಡು ದಿನ ಕೂತು ಮೂವತ್ತೆರಡು ಹಾಡನ್ನೂ ಕೇಳಿದ. ಯಾವ ಹಾಡಿನ ಎಷ್ಟನೇ ನಿಮಿಷಕ್ಕೆ ಆ ಹೆಸರು ಬರುತ್ತದೆಂದು ಚೀಟಿಯಲ್ಲಿ ಬರೆದುಕೊಂಡ.

ಮದುವೆಯ ದಿನ ಬೆಳಗಿನಿಂದ ಅವನ ಬಲಗೈ ವಾಲ್ಯೂಮಿನ ತಿರುಪು ಬಿಟ್ಟು ಕದಲಲಿಲ್ಲ. ಹೆಸರು ಬರುವ ಹೊತ್ತಿಗೆ ಸದ್ದು ಇಳಿಸುವುದು, ಮುಗಿದೊಡನೆ ಏರಿಸುವುದು. ಜನ ಕರೆಂಟಿನ ಕಾಟ ಎಂದುಕೊಂಡರು. ಪ್ರತಿ ಸಲ ಓಂಕಾರೇಶನ ಬಾಯಿ ಮುಚ್ಚಿಸಿದಾಗಲೂ ಬಸವೇಶನಿಗೆ ಒಳಗೊಳಗೇ ಒಂದು ಸುಖ.

ಅಕ್ಷತೆ ಬಿದ್ದ ಮೇಲೆ ದಾಕ್ಷಾಯಣಮ್ಮ ತಾನೇ ತಾಂಬೂಲದ ತಟ್ಟೆ ಹಿಡಿದು ಬಂದಳು. “ನಿಮ್ಮಪ್ಪನ ಕಾಲದ್ ಹಾಡೇ ತಂದಿದೀಯ ಕಣೋ. ಆ ತರೀಕೆರೆಯೋನು ಭಾರೀ ಭಾರೀ ಅಂತಾರೆ. ನಿನ್ ಮುಂದೆ ಅವ್ನೇನು ಬಿಡು!”

ಈ ಒಂದು ಮಾತಿಗಾಗಿ ಅವನು ವರ್ಷಗಟ್ಟಲೆ ಉರಿದಿದ್ದ. ಚೀಟಿ ನೋಡಿದ, ಹೆಸರು ಬರಲು ಕೆಲವೇ ಕ್ಷಣ ಉಳಿದಿತ್ತು. ಎಡಗೈ ಚಾಚಿದ.

“ಥೂ, ತಾಂಬೂಲಾನ ಎಡಗೈಲಿ ತಗಳ್ತಾರೇನೋ? ಎರಡೂ ಕೈ ನೀಡು.”

ಬಸವೇಶ ಎರಡೂ ಕೈ ನೀಡಿದ.

“ಓಂಕಾರೇಶ್ ಸೌಂಡ್ಸ್! ಬಸ್ ಸ್ಟ್ಯಾಂಡ್ ರಸ್ತೆ, ತರೀಕೆರೆ!” ನಾಲ್ಕೂ ಹಾರ್ನುಗಳು ಚಪ್ಪರ ನಡುಗುವಂತೆ ಕೂಗಿದವು. ಹಿಂದೆಯೇ ಫೋನ್ ನಂಬರು. ಊಟದ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಇದೇನೋ ಇದು?”

“ಹಾಡು ಅವನ್ವು ಕಣಮ್ಮ,” ಎಂದ ಬಸವೇಶ. ಬೆವರು ಕಣ್ಣಿಗಿಳಿಯುತ್ತಿತ್ತು. “ನಾನು ದುಡ್ ಕೊಟ್ಟು ತಗಂಡಿದ್ವು ಹಾಡ್ತಿಲ್ಲ. ಅವನತ್ರ ಇಸ್ಕೊಂಡ್ ಬಂದೆ.”

ಮುದುಕಿ ಹಾರ್ನಿನತ್ತ ಕತ್ತೆತ್ತಿ ನೋಡಿದಳು. “ಕಾರ್ತೀಕದಲ್ಲಿ ನಮ್ ಮಗ ಶಿವಕುಮಾರನ ಮನೆ ಗೃಹಪ್ರವೇಶ ಐತೆ. ನಂಬರ್ ಏನಂದ ಅವ್ನು? ಸರಿಯಾಗ್ ಕೇಳಿಸ್ಲಿಲ್ಲ.”

ಎರಡು ದಿನ ಕೇಳಿ ಕೇಳಿ ಆ ನಂಬರು ಬಸವೇಶನಿಗೆ ಬಾಯಿಪಾಠವಾಗಿತ್ತು. ತಾಂಬೂಲವನ್ನು ಎದೆಗೊತ್ತಿಕೊಂಡು ಹತ್ತೂ ಅಂಕಿಗಳನ್ನು ಒಂದೊಂದಾಗಿ, ಬಿಡಿಸಿ ಹೇಳಿದ. ಹೇಳಿ ಮುಗಿಸಿದ ಮೇಲೆ, ಕೊನೆಯ ಅಂಕಿಯನ್ನಾದರೂ ತಪ್ಪು ಹೇಳಬೇಕಿತ್ತು ಎನ್ನಿಸಿತು.