ಜಪಾನಿನಲ್ಲಿ ಕಾರಿದ ರಕ್ತ

ಸಾಗರದಲ್ಲಿ ನಾನು ವಿಮೆಯ ಏಜೆಂಟ್. ನನ್ನ ಸೈಕಲ್ಲು ಕಂಡರೆ ಪರಿಚಯದವರು ಪಕ್ಕದ ಅಂಗಡಿ ಹೊಕ್ಕು ಬೇಡದ ಸಾಮಾನಿನ ಬೆಲೆ ಕೇಳುತ್ತಿದ್ದ ಕಾಲ ಅದು. ಸಾವಿನ ಮಾತೆತ್ತಿ ದುಡ್ಡು ಕೇಳುವವನನ್ನು ಯಾರು ತಾನೇ ಕೂರಿಸಿ ಮಾತಾಡಿಸುತ್ತಾರೆ? ಅಂಥದ್ದರಲ್ಲಿ ಅರವತ್ನಾಲ್ಕನೇ ಇಸವಿಯಲ್ಲಿ ಅರಳಸುರಳಿಯ ಹೂವಯ್ಯಗೌಡರು ತಾವಾಗಿಯೇ ನನ್ನನ್ನು ಕರೆಸಿದರು. ಭತ್ತದ ಬೇಸಾಯ ನೋಡಿಕೊಂಡು ಬರಲು ಸರ್ಕಾರ ಐದು ಜನ ರೈತರನ್ನು ಜಪಾನಿಗೆ ಕಳಿಸುತ್ತಿತ್ತು. ತೀರ್ಥಹಳ್ಳಿ ಕಡೆಯಿಂದ ಇವರೊಬ್ಬರೇ. ಪರದೇಶದಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಕೊಡುವಂಥ ಪಾಲಿಸಿ ಮಾಡಿಸಿಕೊಳ್ಳಿ ಎಂದು ಇಲಾಖೆಯವರು ಹೇಳಿದ್ದರಂತೆ. ಅಂಥದ್ದೊಂದು ಪಾಲಿಸಿ ಇದೆಯೆಂದು ನಾನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಮುಂಬಯಿಗೆ ಬರೆದು ತರಿಸಿಕೊಟ್ಟೆ.

ಗೌಡರು ಹೋದರು, ಬಂದರು. ತೀರ್ಥಹಳ್ಳಿಯಲ್ಲಿ ಹಾರ ಹಾಕಿ ಭಾಷಣ ಮಾಡಿದ್ದೂ ಆಯಿತು. ಆಮೇಲೆ ಒಂದು ದಿನ ಸಾಗರಕ್ಕೆ ಬಂದು ನನ್ನ ಮೇಜಿನ ಮೇಲೆ ಆಸ್ಪತ್ರೆಯ ಬಿಲ್ಲು ಇಟ್ಟರು. ಅಲ್ಲಿ ತಾನು ಕಟ್ಟಿದ್ದ ಹಣವನ್ನು ಇಲಾಖೆ ಇವರಿಂದ ವಾಪಸು ಕೇಳುತ್ತಿತ್ತು. ಜೊತೆಗೆ ಜಪಾನಿ ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಕಾಗದ: ಗದ್ದೆಯ ಬದುವಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು, ಬಾಯಿಯಿಂದ ರಕ್ತ ಬಂತು, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಕಾರಣ ತಿಳಿಯಲಿಲ್ಲ. ಗೌಡರು ಹೆಚ್ಚು ಮಾತಾಡಲಿಲ್ಲ. ಕಾಣದ ದೇಶದಲ್ಲಿ ಸಾವಿನ ಬಾಗಿಲು ತಟ್ಟಿ ಬಂದವರು ಪಾಪ, ಎಂದುಕೊಂಡು ಕ್ಲೇಮಿನ ಅರ್ಜಿ ತುಂಬಿ ಕಳಿಸಿದೆ.

ಕಂಪನಿಗೆ ಒಂದು ಅನುಮಾನ ಬಂತು. ಇದು ಹಳೆಯ ಕಾಯಿಲೆ ಆಗಿದ್ದರೆ? ವಿಚಾರಣೆಗೆ ಒಬ್ಬನನ್ನು ಕಳಿಸಿದರು. ಅವನು ತೀರ್ಥಹಳ್ಳಿಯ ಡಾಕ್ಟರಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲರನ್ನೂ, ಹೂವಯ್ಯಗೌಡರು ಮೊದಲೂ ರಕ್ತ ಕಾರುತ್ತಿದ್ದರೇ ಎಂದು ಕೇಳಿದ. ಎಲ್ಲರೂ ಇಲ್ಲವೆಂದರು. ಆದರೆ ಪ್ರಶ್ನೆಯೇ ಸಾಕಾಯಿತು. ರಕ್ತ ಕಾರುವುದೆಂದರೆ ಆಗಿನ ಜನಕ್ಕೆ ಗೊತ್ತಿದ್ದದ್ದು ಒಂದೇ, ಕ್ಷಯ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದರೆ ರೋಗ ಇನ್ನೂ ಒಳಗೆ ಅಡಗಿದೆ ಎಂದು ಅರ್ಥ ಮಾಡಿಕೊಂಡರು. ಗೌಡರ ಮಗಳು ಲಕ್ಷ್ಮಿಗೆ ಹೊಸನಗರದ ಸುಬ್ಬರಾಯಗೌಡರ ಮಗನ ಜೊತೆ ನಿಶ್ಚಯವಾಗಿತ್ತು. ಈ ವರ್ಷ ಮದುವೆ ಬೇಡ ಎಂದು ಅಲ್ಲಿಂದ ಹೇಳಿಕಳಿಸಿದರು. ಈ ವರ್ಷ ಬೇಡ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಕ್ಷಯದ ಮನೆ ಎಂದು ಒಮ್ಮೆ ಹೆಸರು ಬಿದ್ದರೆ ಆ ಹುಡುಗಿಯನ್ನು ಬೇರೆ ಯಾರೂ ಕೇಳಿ ಬರುವುದಿಲ್ಲ.

ಅದೇ ವಾರ ಕಂಪನಿಯವರು ಕ್ಲೇಮು ಒಪ್ಪಿದ್ದೇವೆ, ರಸೀದಿಗೆ ಸಹಿ ಹಾಕಿಸಿ ಎಂದು ಬರೆದರು. ಉಬ್ಬಿಹೋಗಿ ಅರಳಸುರಳಿಗೆ ಹೋದೆ. ಗೌಡರು ಕಾಗದ ಮುಟ್ಟಲಿಲ್ಲ. ನನ್ನನ್ನು ಕಣದ ಕಡೆ ಕರೆದುಕೊಂಡು ಹೋದರು.

“ಅದು ರಕ್ತ ಅಲ್ಲ ಮುಕುಂದಯ್ಯೋರೆ,” ಎಂದರು. “ಕವಳ.”

ಐದು ಜನರನ್ನೂ ಅಲ್ಲಿ ಐದು ಹಳ್ಳಿಗೆ ಹಂಚಿದ್ದರಂತೆ. ಇವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿಕೊಂಡು ಗದ್ದೆಗೆ ಹೋದರು. ಬಾಯಿ ತುಂಬಿತು. ಉಗುಳಲು ಜಾಗವೇ ಇಲ್ಲ, ಬದು ಕೂಡ ದೇವರ ಮನೆಯ ಹಾಗೆ ಚೊಕ್ಕಟ. ಎದುರಿಗೆ ಮನೆಯ ಯಜಮಾನ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಮರ್ಯಾದೆಗೆ ಅಂಜಿ ನುಂಗಿದರು, ಮತ್ತೆ ನುಂಗಿದರು, ಬಿದ್ದರು. ಎಚ್ಚರವಾಗುವಷ್ಟರಲ್ಲಿ ಕೈಗೆ ಸೂಜಿ ಚುಚ್ಚಿಯಾಗಿತ್ತು. ಭಾಷೆ ಬಲ್ಲವನು ಬಂದಾಗ ಸುತ್ತ ಆರು ಜನ ಡಾಕ್ಟರು ಕೈಕಟ್ಟಿ ನಿಂತಿದ್ದರಂತೆ. ಅಷ್ಟು ಮರ್ಯಾದೆಯ ನಡುವೆ ನಿಜ ಹೇಳಲು ಇವರಿಗೆ ನಾಲಿಗೆ ಏಳಲಿಲ್ಲ.

“ಕಲ್ತು ಬಾ ಅಂತ ಸರ್ಕಾರ ಕಳ್ಸಿತ್ತು. ಎಂಜಲು ನುಂಗಿ ಬಿದ್ದೆ ಅಂತ ಊರಿಗೆ ಹೆಂಗೆ ಹೇಳ್ಲಿ?”

ನನಗೆ ನಗು ತಡೆಯಲಾಗಲಿಲ್ಲ. ಅವರ ಮುಖ ನೋಡಿದ ಮೇಲೆ ನಿಂತಿತು. ಸಿಟ್ಟೂ ಬಂತು, ಇಷ್ಟು ದಿನ ನನ್ನ ಕೈಯಿಂದ ಸುಳ್ಳು ಬರೆಸಿದರಲ್ಲ ಎಂದು. ನಿಜ ತಿಳಿಸಿದರೆ ಕಂಪನಿ ಬಿಡಿಕಾಸೂ ಕೊಡುವುದಿಲ್ಲ, ಇಲಾಖೆಯ ಹಣ ನಿಮ್ಮ ತಲೆಗೇ ಬರುತ್ತದೆ ಎಂದೆ. ಬರಲಿ, ಬರೆಯಿರಿ ಎಂದರು. ಕ್ಲೇಮು ಬೇಡವೆಂದು ಬರೆದು, ಅದರ ನಕಲು ಹಿಡಿದು ಇಬ್ಬರೂ ಹೊಸನಗರದ ಬಸ್ಸು ಹತ್ತಿದೆವು.

ಸುಬ್ಬರಾಯಗೌಡರು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು, ತಾವು ಮಾತ್ರ ದೂರ ಕೂತರು. ಹೂವಯ್ಯಗೌಡರು ಕಣದಲ್ಲಿ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಮತ್ತೆ ಹೇಳಿದರು. ಸುಬ್ಬರಾಯಗೌಡರು ನಗಲಿಲ್ಲ. ನಕಲನ್ನು ತಿರುಗಿಸಿ ನೋಡಿ ನನ್ನನ್ನೇ ಕೇಳಿದರು:

“ಬರೋ ದುಡ್ಡು ಬಿಡ್ತಾರೆ ಅಂದ್ರೆ ಮುಚ್ಚಾಕೆ ದೊಡ್ಡದೇ ಏನೋ ಇರ್ಬೇಕಲ್ಲ ಮಾರಾಯ್ರೆ?”

ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಎಣಿಸುತ್ತಿದ್ದೆ, ಅನುಮಾನ ಪಡುವುದೇ ನಮ್ಮ ಕಸುಬು.

ಹೂವಯ್ಯಗೌಡರು ಕವಳದ ಹರಿವಾಣ ಎಳೆದುಕೊಂಡರು. ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಇಟ್ಟರು, ಮೂರು ಹೊತ್ತಿಗಾಗುವಷ್ಟು ಹೊಗೆಸೊಪ್ಪು ಮುರಿದು ಬಾಯಿಗೆ ಹಾಕಿ ಅಗಿದರು. ಅವರು ಏನು ಮಾಡಲು ಹೊರಟಿದ್ದಾರೆಂದು ತಿಳಿದಾಗ ನನಗೆ ಭಯವಾಯಿತು. ಬಾಯಿ ತುಂಬಿದ್ದು ಕಂಡು ಮನೆಯವರು ಪೀಕದಾನಿ ತಳ್ಳಿದರು. ಹೂವಯ್ಯಗೌಡರು ಅದನ್ನು ಪಕ್ಕಕ್ಕೆ ಸರಿಸಿ ನುಂಗಿದರು. ಅಗಿದು ಮತ್ತೆ ನುಂಗಿದರು. ಹಣೆಯಲ್ಲಿ ಬೆವರೊಡೆಯಿತು, ಮುಖ ಬಿಳುಚಿಕೊಂಡಿತು. ಕಂಬಕ್ಕೆ ಒರಗಲು ಹೋಗಿ ಹಾಗೇ ಜಾರಿ ಬಿದ್ದರು. ಬಾಯಿಯಿಂದ ಕೆಂಪು ಹರಿದು ಬಿಳಿ ಅಂಗಿ ತೋಯ್ದಿತು.

ಸುಬ್ಬರಾಯಗೌಡರು ಮೊದಲು ಹಿಂದಕ್ಕೆ ಸರಿದರು. ಆಮೇಲೆ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಆ ಕೆಂಪನ್ನು ಬೆರಳಲ್ಲಿ ಮುಟ್ಟಿ ಮೂಸಿದರು. ಬಿದ್ದವರ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಹೆಗಲ ಮೇಲಿನ ಶಲ್ಯದಿಂದ ಬಾಯಿ ಒರೆಸಿದರು. ಒಳಗಿನವರಿಗೆ ಕೇಳುವಂತೆ ಹೇಳಿದರು:

“ಮಜ್ಜಿಗೆ ತಗಂಡು ಬನ್ನಿ. ಬೀಗ್ರಿಗೆ ಹೊಗೆಸೊಪ್ಪು ಸೊಕ್ಕಿದೆ.”