ಹುರುಳಿ ಹರವಿದ ತಿರುವು

ರಸ್ತೆ ಕೆಲಸದವರು ಪಕ್ಕದಲ್ಲಿ ಗುಂಡಿ ತೋಡುವವರೆಗೆ ಹನುಮಂತಯ್ಯ ಸುಮ್ಮನಿದ್ದ. ತನ್ನ ಬೋರ್ಡಿನ ಬುಡಕ್ಕೇ ಹಾರೆ ಹಾಕಿದಾಗ ಮಾತ್ರ ಹುರುಳಿ ಮಗುಚುತ್ತಿದ್ದ ಮೆರೆಕೋಲು ಹಿಡಿದುಕೊಂಡೇ ಓಡಿಬಂದ.

"ಅದುಕ್ಯಾಕ್ರಪ್ಪ ಕೈ ಹಾಕ್ತೀರಿ? ನಾನೇ ಬರ್ಸಿ ನೆಟ್ಟಿರೋ ಬೋರ್ಡು ಅದು!"

ಹಾರೆ ಹಿಡಿದವರು, ಮರದ ನೆರಳಿನಲ್ಲಿ ನಿಂತಿದ್ದ ಓವರ್‌ಸಿಯರ್ ಸದಾಶಿವಯ್ಯನವರ ಮುಖ ನೋಡಿದರು. ಕಿಬ್ಬನಹಳ್ಳಿಯಿಂದ ತಿಪಟೂರಿಗೆ ಹೋಗುವ ಹೆದ್ದಾರಿ ಅಲ್ಲಿ ಹನುಮಂತಯ್ಯನ ತೆಂಗಿನ ತೋಟವನ್ನು ಬಳಸಿಕೊಂಡು ತಿರುಗುತ್ತಿತ್ತು. ಹುರುಳಿ ಕೀಳುವ ಕಾಲ ಬಂತೆಂದರೆ ಆ ತಿರುವೇ ಸುತ್ತಲಿನವರಿಗೆಲ್ಲ ಕಣ. ಕಿತ್ತ ಗಿಡವನ್ನು ಟಾರಿನ ಮೇಲೆ ಹರವಿಬಿಟ್ಟರೆ ಸಾಕು, ಬಸ್ಸು ಲಾರಿಗಳು ಪುಕ್ಕಟೆ ತುಳಿದುಕೊಟ್ಟು ಹೋಗುತ್ತಿದ್ದವು. ಎತ್ತೂ ಬೇಡ, ರೋಣಗಲ್ಲೂ ಬೇಡ. ಹನುಮಂತಯ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೊಡ್ಡ ತಗಡಿನ ಮೇಲೆ ಹೀಗೆ ಬರೆಸಿದ್ದ:

"ಮಾನ್ಯ ಚಾಲಕರಲ್ಲಿ ವಿನಂತಿ. ಮುಂದೆ ತಿರುವು ಇದೆ. ರಸ್ತೆಯಲ್ಲಿ ಹುರುಳಿ ಹರವಿದೆ. ತಾವು ಅದರ ಮೇಲೆಯೇ ವಾಹನ ಹಾಯಿಸಬೇಕು. ಆದರೆ ಹೆಂಗಸರು ಗಿಡ ಮಗುಚುತ್ತಿರುತ್ತಾರೆ, ಆದ್ದರಿಂದ ನಿಧಾನವಾಗಿ ಬರಬೇಕು."

ಇಷ್ಟು ಚೆಂದದ ಮಾತು ಸುತ್ತಮುತ್ತ ಯಾರಿಗೆ ಬರುತ್ತದೆ ಎಂಬ ಹೆಮ್ಮೆ ಅವನಿಗೆ.

"ಯಜಮಾನ್ರೇ, ಇದನ್ನ ಓದಿ ಮುಗ್ಸೋಷ್ಟ್ರಲ್ಲಿ ಲಾರಿ ತಿಪಟೂರು ದಾಟಿರ್ತದೆ," ಎಂದು ಸದಾಶಿವಯ್ಯ ನಕ್ಕರು. "ಈಗ ಹೊಸ ನಿಯಮ. ಬೋರ್ಡಿನ ಮೇಲೆ ಮಾತು ಕಮ್ಮಿ, ಚಿತ್ರ ಜಾಸ್ತಿ. ದೇಶಕ್ಕೆಲ್ಲ ಒಂದೇ ನಮೂನೆ."

ಹೊಸ ಬೋರ್ಡು ನೆಲದ ಮೇಲೆ ಬಿದ್ದಿತ್ತು. ಕೆಂಪು ಅಂಚಿನ ತ್ರಿಕೋನ, ನಡುವೆ ಬಗ್ಗಿದ ಒಂದು ಕಪ್ಪು ಬಾಣ.

"ಇದೇನ್ ಸ್ವಾಮಿ, ಮಕ್ಳು ಗೀಚ್ದಂಗೈತೆ! ಇದ್ರಾಗೆ ಹೆಂಗುಸ್ರು ಎಲ್ಲವ್ರೆ?" ಹನುಮಂತಯ್ಯನ ದನಿ ಏರಿತು. "ಈ ಬೋರ್ಡು ನಂಗೆ ಸಾಕ್ಷಿ ಕಣ್ರೀ. ಇಷ್ಟು ಬರ್ಸಿದ್ರೂ ಒಬ್ಬ ಪಂಜಾಬಿನೋನು ಬಂದು ನನ್ನೆಂಡ್ತಿ ಕಾಲಿನ ಮ್ಯಾಲೆ ಹತ್ತುಸ್ದ. ಕೋರ್ಟ್‌ನಾಗೂ ಇದ್ನೇ ಹೇಳ್ದೆ. ಓದ್ಕಂಡೂ ಬೇಕಂತ್ಲೇ ಜೋರಾಗ್ ಬಂದವ್ನೆ, ಬುಡಬ್ಯಾಡಿ ಅಂದೆ. ಜೈಲಾಯ್ತು."

ಅವನ ಹೆಂಡತಿ ಚಿಕ್ಕಗೌರಮ್ಮ ಅಷ್ಟು ದೂರದಲ್ಲಿ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದಳು. ಎಡಗಾಲು ಮಂಡಿಯಿಂದ ಕೆಳಗೆ ಸೊಟ್ಟ.

"ಆ ವಿಸ್ಯ ಈಗ್ಯಾಕೆ, ಬುಡಿ ಅತ್ಲಾಗೆ," ಎಂದಳು.

ಬಿಡುವುದು ಹನುಮಂತಯ್ಯನಿಂದ ಆಗುತ್ತಿರಲಿಲ್ಲ. ಅವಳು ಕುಂಟುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಆಗ ಇಲ್ಲಿಗೆ ಬಂದು ಒಮ್ಮೆ ಬೋರ್ಡು ಓದಿಕೊಂಡರೆ, ತನ್ನ ಕಡೆಯಿಂದ ತಪ್ಪಿಲ್ಲ, ಎಲ್ಲ ಆ ಪಾಪಿಯದೇ ಎಂಬ ಸಮಾಧಾನ ಸಿಗುತ್ತಿತ್ತು. ಬೋರ್ಡು ಹೋದರೆ ಅದೂ ಹೋದಂತೆ.

"ಕೀಳಾಕೆ ನಾನ್ ಬುಡಾಕಿಲ್ಲ," ಎಂದು ಕಂಬ ತಬ್ಬಿ ನಿಂತ.

ಅಷ್ಟರಲ್ಲಿ ತಿಪಟೂರಿಗೆ ಕೊಬ್ಬರಿ ತುಂಬಲು ಹೊರಟಿದ್ದ ಲಾರಿಯೊಂದು, ರಸ್ತೆಯಲ್ಲಿ ಜನ ಕಂಡು ನಿಂತಿತು. ಪೇಟ ಸುತ್ತಿದ, ನರೆತ ಗಡ್ಡದ ಪಂಜಾಬಿ ಚಾಲಕ ಕೆಳಗಿಳಿದ. ಸದಾಶಿವಯ್ಯನವರಿಗೆ ಒಂದು ಉಪಾಯ ಹೊಳೆಯಿತು. ಹನುಮಂತಯ್ಯನ ಬೋರ್ಡು ತೋರಿಸಿ, ಇದೇನು ಹೇಳು ನೋಡೋಣ ಎಂದು ತಮಗೆ ಬಂದ ಹಿಂದಿಯಲ್ಲಿ ಕೇಳಿದರು. ಅವನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಸಿನಿಮಾ?" ಎಂದ.

ನೆಲದ ಮೇಲಿನ ತ್ರಿಕೋನ ತೋರಿಸಿದ್ದೇ ತಡ, ಅಂಗೈಯನ್ನು ಬಲಕ್ಕೆ ತಿರುಗಿಸಿ, ಆಮೇಲೆ ಮೆಲ್ಲಗೆ ಕೆಳಕ್ಕೆ ಒತ್ತಿ ತೋರಿಸಿದ. ತಿರುವು, ನಿಧಾನ.

ಹಾರೆಯವರು ನಕ್ಕರು. ಹನುಮಂತಯ್ಯ ನಗಲಿಲ್ಲ. ಅಷ್ಟು ದೊಡ್ಡ ಲಾರಿಯನ್ನು ಅಷ್ಟು ದೂರದಿಂದ ತರುವವನಿಗೆ ಓದು ಬಾರದೆ ಇರುತ್ತದೆಯೇ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದ. ಅವನಿಗೆ ಕನ್ನಡ ಬಾರದಿರಬಹುದು ಎಂದು ಬರೆಸುವಾಗ ಹೊಳೆದಿರಲಿಲ್ಲ. ಕಟಕಟೆಯಲ್ಲಿದ್ದವನ ಕಡೆ ಬೆರಳು ತೋರಿಸುವಾಗಲೂ ಹೊಳೆದಿರಲಿಲ್ಲ. ಅಲ್ಲಿ ಯಾರೂ ಕೇಳಿಯೂ ಇರಲಿಲ್ಲ.

"ಇವ್ರಿಗೆ ಒಂದಕ್ಷರನೂ ಗೊತ್ತಾಗಾಕಿಲ್ವಾ ಸಾರ್?"

"ನಮ್ಮ ಅಕ್ಷರ ಅವ್ರಿಗೆ ಹೆಂಗ್ ಗೊತ್ತಾಗ್ತದೆ ಯಜಮಾನ್ರೇ?"

ಹನುಮಂತಯ್ಯ ಹೆಂಡತಿಯ ಕಡೆ ತಿರುಗಿದ. "ಗೌರೀ, ಅವ್ನೂ ಓದಿರ್ನಿಲ್ಲ ಕಣೇ."

"ನಂಗೇ ಓದಾಕ್ ಬರಾಕಿಲ್ಲ, ಇನ್ ಅವ್ನಿಗ್ ಬತ್ತದಾ?" ಎಂದಳು ಅವಳು.

ಅವನ ಕೈ ಕಂಬದಿಂದ ತಾನಾಗಿಯೇ ಜಾರಿತು. ನಾಚಿಕೆಯಾಯಿತು, ತನ್ನ ಸುಳ್ಳು ಮಾತಿನಿಂದಲೇ ಒಬ್ಬ ಜೈಲಿಗೆ ಹೋದನಲ್ಲ ಎಂದು ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬೋರ್ಡು ಕೀಳತೊಡಗಿದರೂ ಅತ್ತ ನೋಡಲಿಲ್ಲ. ಚಾಲಕ ಲಾರಿ ಹತ್ತಿದ. ಚಕ್ರಗಳು ಹುರುಳಿಯ ಮೇಲೆ ನಿಧಾನವಾಗಿ ಹರಿದವು, ಒಣಗಿದ ಕಾಯಿ ಚಟಚಟ ಸಿಡಿಯಿತು.

"ಸಾರ್, ಅವ್ರ ಬಾಸೆನಾಗೆ ತಪ್ಪಾಯ್ತು ಅನ್ನಾಕೆ ಏನಂತಾರೆ?"

ಲಾರಿ ತಡೆದು ನಿಲ್ಲಿಸಿದ್ದಕ್ಕೆ ಕೇಳುತ್ತಿದ್ದಾನೆ ಎಂದುಕೊಂಡು ಸದಾಶಿವಯ್ಯ ಹೇಳಿಕೊಟ್ಟರು. ಹನುಮಂತಯ್ಯ ತುಟಿಯಲ್ಲೇ ಅಂದು ನೋಡಿದ. ಸರಿಯಾಗಿ ಬರಲಿಲ್ಲ, ಮತ್ತೆ ಅಂದ. ಲಾರಿ ಆಗಲೇ ತೆಂಗಿನ ಮರಗಳ ಹಿಂದೆ ಮರೆಯಾಗಿತ್ತು. ಅವನು ರಸ್ತೆಯ ನಡುವೆ ನಿಂತು ಇನ್ನೂ ಅಂದುಕೊಳ್ಳುತ್ತಲೇ ಇದ್ದ.